ಮೊದಲು ಯಾರು ಹೇಳಿದ್ದು ನೋಡು

ನನ್ನ ತಮ್ಮನನ್ನು ಎಲ್ಲರೂ ಕರೆಯುವುದು ಗೇಟ್‌ವೇ ಮೇಷ್ಟ್ರು ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ತರಬೇತಿ ಕೇಂದ್ರ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆ, ಅಂದರೆ ನೆಟ್‌ವರ್ಕಿಂಗ್, ಅಲ್ಲಿ ಹೇಳಿಕೊಡುತ್ತಾನೆ. ಕಲಿತವರು ದೊಡ್ಡ ಕಂಪನಿಯೊಂದು ನಡೆಸುವ ಪರೀಕ್ಷೆ ಬರೆಯುತ್ತಾರೆ, ಪಾಸಾದರೆ ಸರ್ಟಿಫಿಕೇಟು ಹಿಡಿದುಕೊಂಡು ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ವೈರುಗಳ ನಡುವೆ ಕೆಲಸ ಹುಡುಕಿಕೊಳ್ಳುತ್ತಾರೆ. ಹೊರಲೋಕಕ್ಕೆ ಹೋಗುವ ಬಾಗಿಲಿಗೆ ಆ ವಿದ್ಯೆಯಲ್ಲಿ ಗೇಟ್‌ವೇ ಅನ್ನುತ್ತಾರಂತೆ. ಇವನು ಮಾತಿಗೊಮ್ಮೆ ಆ ಪದ ಆಡುತ್ತಿದ್ದುದರಿಂದ ಹಳೆಯ ಬ್ಯಾಚಿನವರು ಯಾರೋ ಅದನ್ನೇ ಅವನಿಗೆ ಅಂಟಿಸಿದರು.

ಕೇಂದ್ರದ ಬಾಗಿಲ ಬಳಿಯ ಮೇಜು ನನ್ನದು. ಅಡ್ಮಿಶನ್, ಹಾಜರಿ, ಬೀಗದ ಕೈ, ಸೋರುವ ನಲ್ಲಿ, ಜಗಳ ಆಡಿ ಹೋದವರನ್ನು ಫೋನ್ ಮಾಡಿ ವಾಪಸ್ ಕರೆಸುವುದು, ಎಲ್ಲವೂ ನನ್ನ ಇಲಾಖೆ. ಪಾಠವೊಂದು ಮಾತ್ರ ಅವನದು. ಅಷ್ಟಕ್ಕೇ ಎಷ್ಟು ಜಂಬ ಅಂತೀರಿ! ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಮಾರ್ಕರು, ಬೋರ್ಡಿನ ಮುಂದೆ ನಿಂತನೆಂದರೆ ಸಾಕ್ಷಾತ್ ರೂಟರನ್ನು ಕಂಡುಹಿಡಿದವನೇ ಇವನು ಅನ್ನಬೇಕು. ಸುಳ್ಳು ಹೇಳಬಾರದು, ಪಾಠ ಚೆನ್ನಾಗಿಯೇ ಮಾಡುತ್ತಾನೆ. ಲೆಕ್ಕ ಕಂಡರೆ ಬೆವರುವವರಿಗೂ ಕಂಪ್ಯೂಟರುಗಳಿಗೆ ಕೊಡುವ ಅಂಕಿಗಳ ವಿಳಾಸಗಳನ್ನು ಬೆರಳಿನ ಗೆಣ್ಣಿನ ಮೇಲೆ ಭಾಗ ಮಾಡುವುದನ್ನು ಕಲಿಸಿಬಿಡುತ್ತಾನೆ. ಅವನ ಹತ್ತಿರ ಓದಿದವರಲ್ಲಿ ಬಹಳ ಜನ ಪಾಸಾಗಿದ್ದಾರೆ, ಅದಕ್ಕೇ ಕೇಂದ್ರ ನಡೆಯುತ್ತಿರುವುದು.

ಅವನ ಪಾಠಗಳಲ್ಲೆಲ್ಲ ಹೆಸರುವಾಸಿಯಾದದ್ದು ರೂಟಿಂಗ್. ಗೋಡೆಯ ಈಚೆ ಕೂತು ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ರೂಟರ್ ಅಂದರೆ ನಾಲ್ಕು ದಾರಿ ಕೂಡುವ ಕಡೆ ಕೂತಿರುವ ಪೆಟ್ಟಿಗೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ, ಆ ಕಟ್ಟಿಗೆ ಪ್ಯಾಕೆಟ್ ಎಂದು ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಅದು ತಲುಪಬೇಕಾದ ವಿಳಾಸ ಅಂಕಿಗಳಲ್ಲಿ ಇರುತ್ತದೆ. ರೂಟರಿಗೆ ಇಡೀ ದಾರಿ ಗೊತ್ತಿರುವುದಿಲ್ಲ. ತನ್ನಲ್ಲಿರುವ ಪಟ್ಟಿ ನೋಡಿ, ಇಂಥ ವಿಳಾಸಕ್ಕೆ ಇಂಥ ಬಾಗಿಲು ಎಂದು ಮುಂದಿನ ಪೆಟ್ಟಿಗೆಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಯಾವುದಾದರೂ ಕಚೇರಿಗೆ ಒಂದು ಸಣ್ಣ ಕೆಲಸಕ್ಕೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಕರಾರು ಬರುವುದು ಪಟ್ಟಿಯ ಎರಡು ಸಾಲುಗಳು ಒಂದೇ ವಿಳಾಸಕ್ಕೆ ಹೊಂದಿದಾಗ. ಹತ್ತರಿಂದ ಶುರುವಾಗುವ ವಿಳಾಸಗಳೆಲ್ಲ ಒಂದನೇ ಬಾಗಿಲಿಗೆ ಎಂದು ಒಂದು ಸಾಲು. ಹತ್ತು, ಐದು, ಐದು ಎಂದು ಶುರುವಾಗುವವು ಎರಡನೇ ಬಾಗಿಲಿಗೆ ಎಂದು ಇನ್ನೊಂದು. ಮೊದಲನೆಯದು ಊರಗಲ, ಎರಡನೆಯದು ಒಂದು ಬೀದಿಯಷ್ಟು. ಈಗ ಆ ಬೀದಿಗೇ ಹೋಗಬೇಕಾದ ಪ್ಯಾಕೆಟ್ ಬಂದರೆ ಯಾವ ಬಾಗಿಲು? ಇಲ್ಲಿಗೆ ಬಂದಾಗ ನನ್ನ ತಮ್ಮ ಮಾರ್ಕರನ್ನು ಕಿವಿಯಿಂದ ಇಳಿಸಿ, ಆ ಸಾಲನ್ನು ಪಟ್ಟಿಗೆ ಸೇರಿಸಿದವರು ಯಾರು ಎಂದು ಕೇಳುತ್ತಿದ್ದ. ಮನುಷ್ಯ ಕೈಯಾರೆ ಬರೆದ ಸಾಲಿನ ಮೇಲೆ ರೂಟರಿಗೆ ನಂಬಿಕೆ ಹೆಚ್ಚು. ಅಕ್ಕಪಕ್ಕದ ರೂಟರುಗಳು ತಮ್ಮಲ್ಲೇ ಮಾತಾಡಿಕೊಂಡು ತಿಳಿಸಿದ ಸಾಲಿನ ಮೇಲೆ ನಂಬಿಕೆ ಕಡಿಮೆ. ಇಷ್ಟು ನಿಜವೇ. ಆದ್ದರಿಂದ ಕೈಯಾರೆ ಬರೆದದ್ದೇ ಗೆಲ್ಲಬೇಕು, ಅದು ಊರಗಲದ ಸಾಲಾದರೂ ಸರಿ, ಎನ್ನುವುದು ಅವನ ತೀರ್ಪು. ಅದಕ್ಕೊಂದು ಸೂತ್ರವನ್ನೂ ಕಟ್ಟಿದ್ದ: ಮೊದಲು ಯಾರು ಹೇಳಿದ್ದು ನೋಡು, ಆಮೇಲೆ ಏನು ಹೇಳಿದ್ದು ನೋಡು. ಇಡೀ ಕ್ಲಾಸು ಅದನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿತ್ತು. ಕೆಳಗಿನ ಚಪ್ಪಲಿ ಅಂಗಡಿಯವನಿಗೂ ಅದು ಬಾಯಿಗೆ ಬಂದುಬಿಟ್ಟಿತ್ತು, ಹೊಲಿಗೆ ಬಿಟ್ಟುಹೋಯಿತೆಂದು ದೂರು ತಂದ ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದ.

ಈ ಸೂತ್ರ ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು ಎಂದು ನನ್ನ ಗುಮಾನಿ. ಒಮ್ಮೆ ಚಿಕ್ಕಮ್ಮ ಹೊಸ ಮನೆಗೆ ಹೋದಳು. ಬನ್ನಿ ಎಂದು ಫೋನಿನಲ್ಲಿ ದಾರಿ ಹೇಳಿದಳು: ಹಿಟ್ಟಿನ ಗಿರಣಿ ದಾಟಿ ಎಡಕ್ಕೆ, ನೀಲಿ ಗೇಟು. ನಮ್ಮ ಚಿಕ್ಕಮ್ಮ ಸ್ವಲ್ಪ ಬಾಯಿಬಡುಕಿ, ಕಡ್ಡಿಯನ್ನು ಗುಡ್ಡ ಮಾಡುವವಳು, ಒಪ್ಪೋಣ. ಆದರೆ ಮನೆ ಅವಳದು. ನನ್ನ ತಮ್ಮ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಜಮೀನು ಅಳೆಯುವ ಇಲಾಖೆಯಲ್ಲಿ ನಿವೃತ್ತರಾದ ದೊಡ್ಡಪ್ಪನಿಗೆ ಫೋನ್ ಮಾಡಿದ. ಅವರು, ಆ ಬಡಾವಣೆ ಪೂರ್ತಿ ಕೆರೆಯ ಆಚೆ ದಡಕ್ಕೆ ಬರುತ್ತಪ್ಪಾ ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದರು. ಆಚೆ ದಡದಲ್ಲಿ ನಾವು ಮಧ್ಯಾಹ್ನವಿಡೀ ಸುತ್ತಿದೆವು. ಅವನ ಹೆಂಡತಿಯ ಚಪ್ಪಲಿಯ ಬಾರು ಕಿತ್ತುಹೋಯಿತು. ಕೊನೆಗೆ ಸೋತು ಈಚೆ ದಡಕ್ಕೆ ಬಂದಾಗ ಚಿಕ್ಕಮ್ಮನೇ ಬೀದಿಗೆ ಬಂದು, ಹಿಟ್ಟಿನ ಗಿರಣಿಯ ಮುಂದೆ ನಿಂತು ನಮ್ಮನ್ನು ಹಿಡಿದುಕೊಂಡು ಹೋದಳು. ಇಷ್ಟಾದರೂ ಅವನು, ದೊಡ್ಡಪ್ಪ ತಪ್ಪು ಹೇಳಿರಲಿಕ್ಕಿಲ್ಲ, ಬಡಾವಣೆಯನ್ನೇ ತಪ್ಪಾಗಿ ಕಟ್ಟಿರಬೇಕು ಎಂದ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ದಿನಾ ಎಂಥೆಂಥವರನ್ನೋ ಸಹಿಸಿಕೊಳ್ಳುವವಳು. ಅವತ್ತು ಅವಳಿಗೂ ಪಿತ್ತ ನೆತ್ತಿಗೇರಿತ್ತು.

ಕೇಂದ್ರದಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿ ನಿಜವಾದ ರೂಟರುಗಳು ಸಾಲಾಗಿ ಕೂತಿವೆ, ಸೇರಲು ಬಂದವರಿಗೆ ತೋರಿಸುವುದಕ್ಕೆ. ಬೀಗದ ಕೈ ನನ್ನ ಹತ್ತಿರ. ಹೊರಗಿನಿಂದ ಗಾಜು ಒರೆಸುವುದು ನನ್ನ ಕೆಲಸವಾಗಿತ್ತು, ಒಳಗಿನ ಧೂಳಿಗೆ ಯಾರೂ ಹೊಣೆಯಲ್ಲ. ಅವನ್ನು ಚಾಲೂ ಮಾಡಿದರೆ ಒಳಗಿನ ಫ್ಯಾನು ಗುಂಯ್ ಎಂದು ಪಾಠ ಕೇಳಿಸುವುದಿಲ್ಲ ಎಂದು ಮೇಷ್ಟ್ರ ವಾದ. ಅಭ್ಯಾಸಕ್ಕೆ ಹಳೆಯ ಕಂಪ್ಯೂಟರುಗಳಲ್ಲಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿದ್ದ. ಅದರಲ್ಲಿ ರೂಟರಿನ ಚಿತ್ರಗಳನ್ನು ಗೆರೆಯಿಂದ ಜೋಡಿಸಿದರೆ ನಿಜವಾದವುಗಳ ಹಾಗೆಯೇ ನಡೆದುಕೊಳ್ಳುತ್ತವೆ.

ಹೋದ ವರ್ಷ ಸಂಜೆ ಬ್ಯಾಚಿಗೆ ಒಬ್ಬ ಹುಡುಗಿ ಸೇರಿದಳು. ಸೇರಿದ ವಾರದಲ್ಲೇ ಅವಳಿಗೆ ಪ್ರಶ್ನೆ ಎಂದು ಹೆಸರು ಬಿತ್ತು. ಜಾಣೆ ಅಂತೇನೂ ಅಲ್ಲ. ಪಾಸ್‌ವರ್ಡು ಮರೆಯುತ್ತಿದ್ದಳು, ಅಂಕಿಗಳನ್ನು ಅದಲುಬದಲು ಮಾಡುತ್ತಿದ್ದಳು, ಬೇರೆಯವರು ಮುಗಿಸಿ ಚಹಾ ಕುಡಿಯುವಾಗ ಇವಳು ಇನ್ನೂ ಮೊದಲ ಗೆರೆ ಎಳೆಯುತ್ತಿದ್ದಳು. ಆದರೆ ಕಂಡದ್ದನ್ನು ಕಂಡಿಲ್ಲ ಅನ್ನುವವಳಲ್ಲ. ರೂಟಿಂಗ್ ಪಾಠದ ದಿನ ಎಲ್ಲರೂ ಸೂತ್ರ ಒಪ್ಪಿಸಿ ಮುಗಿಸಿದ ಮೇಲೆ ಅವಳ ಕೈ ಮೇಲೆದ್ದಿತು. ಸರ್, ನಾನು ಎರಡು ಸಾಲನ್ನೂ ಹಾಕಿ ನೋಡಿದೆ, ಪ್ಯಾಕೆಟ್ ಕೈಯಾರೆ ಬರೆದ ಊರಗಲದ ಸಾಲಿನ ಕಡೆಗೆ ಹೋಗಲಿಲ್ಲ, ಎರಡನೇ ಬಾಗಿಲಿಂದ ಹೋಯಿತು ಎಂದಳು. ಮೇಷ್ಟ್ರು ಅವಳ ಸ್ಕ್ರೀನಿನ ಕಡೆ ಕತ್ತು ತಿರುಗಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಅದು ಪುಕ್ಕಟೆ ಸಾಫ್ಟ್‌ವೇರಮ್ಮ, ಅದಕ್ಕೇನು ಗೊತ್ತು?" ಎಂದ. "ನಿಂಗೆ ಅದರ ಮೇಲೆ ನಂಬಿಕೆನಾ, ನನ್ನ ಮೇಲಾ?"

ಕ್ಲಾಸು ಗೊಳ್ಳೆಂದಿತು. ಅವಳು ಸ್ಕ್ರೀನು ನೋಡಿದಳು, ಮೇಷ್ಟ್ರ ಮುಖ ನೋಡಿದಳು, "ನಿಮ್ಮ ಮೇಲೆ ಸರ್" ಎಂದು ಕೂತಳು. ಆಮೇಲೆ ಪರೀಕ್ಷೆ ಬರೆದಳು. ಕೂದಲೆಳೆಯಲ್ಲಿ ಫೇಲಾದಳು. ಮತ್ತೆ ಬರಲಿಲ್ಲ. ನಾನು ಫೋನ್ ಮಾಡಿದಾಗ, ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಕೆಲಸ ಸಿಕ್ಕಿದೆ ಅಕ್ಕಾ, ಇನ್ನು ಓದು ಸಾಕು ಎಂದಳು. ಮೇಷ್ಟ್ರಿಗೆ ಹೇಳಿದೆ. ಅವಳಿಗೆ ಏಕಾಗ್ರತೆ ಸಾಲದು ಎಂದು ಷರಾ ಬರೆದು ಮುಂದಿನ ಬ್ಯಾಚಿಗೆ ಹೋದ.

ಈ ವರ್ಷ ಕಂಪನಿಯಿಂದ ಒಂದು ಮೇಲ್ ಬಂತು. ಇನ್ನು ಮುಂದೆ ಪಾಠ ಹೇಳುವವರ ಹತ್ತಿರವೂ ಚಾಲ್ತಿಯಲ್ಲಿರುವ ಸರ್ಟಿಫಿಕೇಟು ಇರಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ಕೇಂದ್ರದ ಮಾನ್ಯತೆ ರದ್ದು. ಹಾಲಿನ ಪ್ಯಾಕೆಟ್ಟಿನ ಹಾಗೆ ಈ ಸರ್ಟಿಫಿಕೇಟಿಗೂ ಅವಧಿ ಇರುತ್ತದೆ, ಮುಗಿಯುವ ಮೊದಲು ಮತ್ತೆ ಪರೀಕ್ಷೆ ಬರೆಯಬೇಕು. ನನ್ನ ತಮ್ಮನದು ಯಾವ ಕಾಲದಲ್ಲೋ ಒಡೆದುಹೋಗಿತ್ತು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ, ಗೋಡೆಯ ಮೇಲೆ ಇರುವ ತನಕ ಅದು ಕೆಡುವುದಿಲ್ಲ ಎಂದು ಭಾವಿಸಿದ್ದನೋ ಏನೋ. ಮಾನ್ಯತೆ ಹೋದರೆ ನಮ್ಮಲ್ಲಿ ಯಾರು ಸೇರುತ್ತಾರೆ? ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ಬೋರ್ಡು, ಮಾರ್ಕರು, ಮುಂದೆ ಕೂತ ಮುಖಗಳು, ಇಷ್ಟು ಬಿಟ್ಟರೆ ಅವನು ಏನೂ ಅಲ್ಲ. ಅದು ಅವನಿಗೂ ಗೊತ್ತು. ಮೇಲ್ ಓದಿ ನಾನು ತಿಂಗಳ ಕೊನೆಗೆ ಎಷ್ಟು ದಿನ ಉಳಿದಿದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದೆ.

ಅವನಿಗೆ ಮಾತ್ರ ನಗು. ನನಗೇ ಪರೀಕ್ಷೆಯಾ ಎಂದು ಸ್ಟಾಫ್ ರೂಮಿನಲ್ಲಿ, ಅಂದರೆ ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ ಹೇಳಿದ. ಪುಸ್ತಕ ತೆರೆಯಲಿಲ್ಲ. ರಜೆ ಹಾಕಲಿಲ್ಲ. ಬೆಳಗಿನ ಬ್ಯಾಚಿಗೆ ರೂಟಿಂಗ್ ಪಾಠ ಮಾಡಿ, ಸೂತ್ರ ಹೇಳಿಸಿ, ಅದೇ ಅಂಗಿಯಲ್ಲಿ ಪರೀಕ್ಷೆಗೆ ಹೋದ. ಅಲ್ಲಿ ಮೇಲ್ವಿಚಾರಣೆಗೆ ಕೂತವನು ಇವನ ಹಳೆಯ ಶಿಷ್ಯನೇ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟನಂತೆ, ಆಮೇಲೆ ನಿಯಮದಂತೆ ಜೇಬು ತಡಕಿ ನೋಡಿದನಂತೆ.

ಆ ಪರೀಕ್ಷೆಯ ಫಲಿತಾಂಶ ಅಲ್ಲೇ ಸ್ಕ್ರೀನಿನ ಮೇಲೆ ಬರುತ್ತದೆ. ಇವನು ಸಂಜೆಯಾದರೂ ಫೋನ್ ಮಾಡಲಿಲ್ಲ. ಕೇಂದ್ರದ ಮೆಟ್ಟಿಲು ಹತ್ತಿ ಬಂದಾಗ ಅಂಗಿಯ ಇಸ್ತ್ರಿ ಹಾಗೇ ಇತ್ತು, ಮುಖ ಮುದುಡಿತ್ತು. ಏನಾಯಿತು ಎಂದೆ. ಫೇಲು ಎಂದ. ಯಾವುದರಲ್ಲಿ ಎಂದೆ. ಅಂಕಗಳ ಹಾಳೆಯನ್ನು ನನ್ನ ಮೇಜಿನ ಮೇಲೆ ಎಸೆದ. ಆಮೇಲೆ ಗೊತ್ತಾಯಿತು, ಬೇರೆಲ್ಲ ಭಾಗಗಳಲ್ಲಿ ಪರವಾಗಿಲ್ಲ, ಅವನನ್ನು ಮುಳುಗಿಸಿದ್ದು ರೂಟಿಂಗ್. ಎರಡೆರಡು ಸಾಲು ಕೊಟ್ಟು ಯಾವ ಬಾಗಿಲು ಎಂದು ಕೇಳುವ ಪ್ರಶ್ನೆಗಳನ್ನು ಈ ಸಲ ರಾಶಿ ಹಾಕಿದ್ದರಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿಗೆಲ್ಲ ರೂಟಿಂಗ್ ಹೇಳಿಕೊಟ್ಟ ಮಹಾನುಭಾವ ರೂಟಿಂಗಿನಲ್ಲಿ ಫೇಲು!

ಅವನು ಸೋತೆ ಎಂದು ಒಪ್ಪಿದ ಅಂದುಕೊಂಡಿರಾ? ಪರೀಕ್ಷೆಯೇ ತಪ್ಪು ಎಂದ. ಕಂಪನಿಯವರು ಬಾಡಿಗೆ ಜನರಿಂದ ಪ್ರಶ್ನೆ ಬರೆಸುತ್ತಾರೆ, ಅವರಿಗೆ ತಲೆಬುಡ ಗೊತ್ತಿಲ್ಲ ಎಂದ. ಸಾಕ್ಷಿ ಸಮೇತ ದೂರು ಕೊಡುತ್ತೇನೆ ಎಂದು ನನ್ನ ಕೈಯಿಂದ ಬೀರುವಿನ ಕೀ ಕಿತ್ತುಕೊಂಡ. ಸಂಜೆ ಬ್ಯಾಚಿನವರೆಲ್ಲ ಬಂದು ಕೂತಿದ್ದರು. ಬನ್ನಿ, ನಿಮ್ಮೆದುರಿಗೇ ತೋರಿಸುತ್ತೇನೆ ಎಂದು ಮೂರು ರೂಟರುಗಳನ್ನು ಮೇಜಿನ ಮೇಲೆ ಇಳಿಸಿದ. ಧೂಳಿಗೆ ಮುಂದಿನ ಸಾಲು ಕೆಮ್ಮಿತು. ಒಂದು ರೂಟರನ್ನು ನಡುವೆ ಇಟ್ಟ, ಅದರ ಎರಡು ಬಾಗಿಲಿಗೆ ಉಳಿದೆರಡನ್ನು ಜೋಡಿಸಿದ. ಊರಗಲದ ಸಾಲನ್ನು ತಾನೇ ಕೈಯಾರೆ ಬರೆದ. ಬೀದಿಯಷ್ಟರ ಸಾಲನ್ನು ಪಕ್ಕದ ರೂಟರು ತಾನಾಗಿ ತಿಳಿಸುವಂತೆ ಮಾಡಿದ. ಈಗ ಹೇಳಿ, ಯಾವ ಬಾಗಿಲು ಎಂದು ಕ್ಲಾಸನ್ನು ಕೇಳಿದ. ಒಂದನೇದು ಸರ್ ಎಂದು ಎಲ್ಲರೂ ಕೂಗಿದರು.

ಪ್ಯಾಕೆಟ್ ಬಿಟ್ಟ. ಎರಡನೇ ಬಾಗಿಲಿನ ದೀಪ ಪಿಳಪಿಳ ಎಂದಿತು.

ವೈರು ಸಡಿಲವಿರಬೇಕು ಎಂದು ಬದಲಾಯಿಸಿದ. ಎರಡನೇ ಬಾಗಿಲು. ನಡುವಿನ ಪೆಟ್ಟಿಗೆ ಕೆಟ್ಟಿರಬೇಕು ಎಂದು ಬೀರುವಿನಿಂದ ಇನ್ನೊಂದು ತಂದ. ಮತ್ತೆ ಎರಡನೇ ಬಾಗಿಲು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಅವನ ಕತ್ತಿನ ಹಿಂದೆ ಬೆವರು ಇಳಿದು ಕಾಲರು ಒದ್ದೆಯಾಯಿತು. ಫ್ಯಾನುಗಳು ಗುಂಯ್ ಎನ್ನುತ್ತಿದ್ದವು. ಕೊನೆಗೆ ಕೈಯಾರೆ ಬರೆದ ಸಾಲನ್ನು ಅಳಿಸಿ, ಅದನ್ನೇ ಮತ್ತೆ ಆ ಬೀದಿಯಷ್ಟಕ್ಕೆ ಮಾತ್ರ ಹೊಂದುವ ಹಾಗೆ ಬರೆದ. ಆಗ ದೀಪ ಒಂದನೇ ಬಾಗಿಲಿಗೆ ಬಂತು. ಎರಡೂ ಸಾಲು ಒಂದೇ ಅಳತೆಯಾದಾಗ ಮಾತ್ರ ರೂಟರು ಯಾರು ಹೇಳಿದ್ದು ಎಂದು ನೋಡಿತು. ಅದಕ್ಕೂ ಮೊದಲು ಅದು ನೋಡುವುದು ಒಂದನ್ನೇ, ವಿಳಾಸವನ್ನು ಯಾವ ಸಾಲು ಹೆಚ್ಚು ಕರಾರುವಾಕ್ಕಾಗಿ ಹೇಳುತ್ತಿದೆ ಎಂದು. ಇವನ ಸೂತ್ರ ತಲೆಕೆಳಗಾಗಿತ್ತು. ಇವತ್ತಿಗೆ ಸಾಕು, ಹೋಗಿ ಎಂದು ಕ್ಲಾಸನ್ನು ಬಿಟ್ಟುಬಿಟ್ಟ.

ಎಲ್ಲರೂ ಇಳಿದುಹೋದ ಮೇಲೆ ಸ್ಟೂಲಿನ ಮೇಲೆ ಕೂತು ತಲೆಯ ಮೇಲೆ ಕೈಹೊತ್ತ. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು, ಸಿಟ್ಟೇ ಮೊದಲು ಬಾಯಿಗೆ ಬಂತು.

"ಚಿಕ್ಕಮ್ಮ ಹಿಟ್ಟಿನ ಗಿರಣಿ, ನೀಲಿ ಗೇಟು ಅಂದ್ಲು," ಎಂದೆ. "ನೀನು ದೊಡ್ಡಪ್ಪನ ಮಾತು ಕೇಳಿ ಕೆರೆ ಸುತ್ತಿಸ್ದೆ. ಆ ಪೆಟ್ಟಿಗೆ ಆಗಿದ್ರೆ ನೇರ ಚಿಕ್ಕಮ್ಮನ ಮನೆಗೆ ಹೋಗಿ ಕಾಫಿ ಕುಡೀತಿತ್ತು."

ಅವನು ಎದ್ದು ಹೋಗಿ ಮೇಜಿನ ಮೇಲಿನ ರೂಟರುಗಳನ್ನು ಒಂದೊಂದಾಗಿ ಆರಿಸಿದ.

ಮರುದಿನ ಬೆಳಗಿನ ಬ್ಯಾಚಿಗೆ ಹೋಗಿ, ನಾನು ಹೇಳಿಕೊಟ್ಟದ್ದು ತಪ್ಪು, ಸೂತ್ರ ಮರೆತುಬಿಡಿ, ಮೊದಲು ಏನು ಹೇಳಿದ್ದು ನೋಡಿ ಎಂದ. ಈ ಬ್ಯಾಚಿನವರು ಹಿಂದಿನ ಸಂಜೆಯ ನಾಟಕ ನೋಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕರು. ಸರ್ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದರು. ಕೂಡಲೇ ಒಂದು ಟೆಸ್ಟು ಕೊಟ್ಟ, ಎಲ್ಲರೂ ಒಂದನೇ ಬಾಗಿಲು ಎಂದೇ ಬರೆದರು. ಈಗಷ್ಟೇ ಹೇಳಿದೆನಲ್ಲ ಎಂದು ಗದರಿದ. ಮೊದಲು ನೀವೇ ಹಾಗೆ ಹೇಳಿದ್ದಿರಲ್ಲ ಸರ್, ನಾವು ಮೋಸ ಹೋಗುತ್ತೀವಾ ಎಂದರು. ನಾನು ಹೇಳಿದೆ ಅಂತ ನಂಬಿಬಿಡುವುದಾ ಎಂದು ಅವನು ಕಿರುಚಿದ್ದು ಚಪ್ಪಲಿ ಅಂಗಡಿಗೂ ಕೇಳಿಸಿತಂತೆ. ಅಷ್ಟು ವರ್ಷ ಅವನು ಅವರಿಂದ ಬಯಸಿದ್ದು ಅದೊಂದನ್ನೇ. ಮತ್ತೆ ನನ್ನಿಂದ ಬೀರುವಿನ ಕೀ ಇಸಿದುಕೊಂಡು ಹೋದ.

ಪರೀಕ್ಷೆಯಲ್ಲಿ ಫೇಲಾದವರು ಕೆಲವು ದಿನ ಬಿಟ್ಟು ಮತ್ತೆ ಬರೆಯಬಹುದು. ತಿಂಗಳು ಮುಗಿಯುವುದಕ್ಕೆ ಮೊದಲು ಅವನಿಗೆ ಇನ್ನೊಂದೇ ಅವಕಾಶವಿತ್ತು. ಈ ಸಲ ಪುಸ್ತಕ ತೆರೆದ. ಹೆಂಡತಿ ಆಸ್ಪತ್ರೆಗೆ ಹೊರಡುವಾಗ ಓದಲು ಕೂತರೆ, ವಾಪಸ್ ಬಂದಾಗಲೂ ಅಲ್ಲೇ ಇರುತ್ತಿದ್ದನಂತೆ. ಪುಸ್ತಕದಲ್ಲಿರುವುದನ್ನೂ ನಂಬದೆ, ಒಂದೊಂದನ್ನೂ ರೂಟರಿನ ಮೇಲೆ ಹಾಕಿ ನೋಡುವುದು ಶುರುಮಾಡಿದ. ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಒಳಗೆ ಬಿಡುವುದಿಲ್ಲ, ಕೆಳಗೆ ಮೆಟ್ಟಿಲ ಬಳಿ ಕಾದೆ. ಇದೂ ಹೋದರೆ ಏನು ಗತಿ, ಬಾಗಿಲ ಮೇಲಿನ ಬೋರ್ಡು ಇಳಿಸುವುದು ಹೇಗೆ, ಈ ವಯಸ್ಸಿನಲ್ಲಿ ಅವನು ಯಾರ ಮುಂದೆ ಹೋಗಿ ಕೆಲಸ ಕೇಳುತ್ತಾನೆ ಎಂದು ಯೋಚಿಸುತ್ತ ನಾಲ್ಕು ಮೆಟ್ಟಿಲು ಹತ್ತುವುದು, ಇಳಿಯುವುದು ಮಾಡಿದೆ.

ಅವನು ನಿಧಾನವಾಗಿ ಇಳಿದು ಬಂದ. ಪಾಸು ಎಂದ. ನನಗೆ ಖುಷಿಗೆ ಕಣ್ಣಲ್ಲಿ ನೀರೇ ಬಂತು. ಅವನ ಮುಖದಲ್ಲಿ ಗೆಲುವು ಕಾಣಲಿಲ್ಲ. ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಆ ಎರಡು ಸಾಲಿನ ಪ್ರಶ್ನೆ ಬಂದಿತ್ತಂತೆ. ಕೈ ತಾನಾಗಿಯೇ ಹಳೆಯ ಉತ್ತರದ ಕಡೆ ಹೋಯಿತಂತೆ, ತಡೆದು ಎರಡನೇ ಬಾಗಿಲನ್ನು ಒತ್ತಿದನಂತೆ.

"ಅಕ್ಕಾ, ಅದು ಆ ಹುಡುಗಿ ಹೇಳಿದ ಉತ್ತರ," ಎಂದ. "ಆವತ್ತು ಅವಳ ಸ್ಕ್ರೀನೂ ನೋಡ್ಲಿಲ್ಲ ನಾನು."

ಯಾವ ಹುಡುಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ಪಾರ್ಸೆಲ್ ಆಫೀಸು ಹತ್ತಿರದಲ್ಲೇ ಇದೆ, ನಡಿ ಎಂದೆ. ನಾಳೆ ಹೋದರಾಯಿತು ಎಂದ. ಅಂಗಿ ಬೆವರಾಗಿದೆ ಎಂದ. ಅವಳಿಗೆ ಈಗ ಕೆಲಸದ ಹೊತ್ತು ಎಂದ. ನಾನು ಅವನ ತೋಳು ಹಿಡಿದು ಎಬ್ಬಿಸಿದೆ. ಚಿಕ್ಕವನಿದ್ದಾಗ ಶಾಲೆಗೆ ಹೀಗೇ ಎಳೆದುಕೊಂಡು ಹೋಗುತ್ತಿದ್ದೆ, ಆಗಲೂ ಇಂಥವೇ ನೆಪ.

ಪಾರ್ಸೆಲ್ ಆಫೀಸಿನಲ್ಲಿ ಉದ್ದ ಕ್ಯೂ. ಎಲ್ಲರ ಕೈಯಲ್ಲೂ ಡಬ್ಬಗಳು, ಚೀಲಗಳು. ನನ್ನ ತಮ್ಮ ಬರಿಗೈಯಲ್ಲಿ ಕ್ಯೂ ನಿಂತ. ಹಿಂದಿದ್ದ ಟೋಪಿಯವರು ನಿಮ್ಮ ಪಾರ್ಸೆಲ್ ಎಲ್ಲಿ ಎಂದು ವಿಚಾರಿಸಿದರು, ಇದೆ ಇದೆ ಎಂದ. ಕೌಂಟರಿನಲ್ಲಿ ಪ್ರಶ್ನೆ ಕೂತಿದ್ದಳು. ತಕ್ಕಡಿಯ ಮೇಲೆ ಡಬ್ಬ ಇಟ್ಟು, ಟೇಪು ಸುತ್ತಿ, ಚೀಟಿ ಅಂಟಿಸಿ ಹಿಂದಕ್ಕೆ ದೂಡುತ್ತಿದ್ದಳು. ಇವನ ಸರದಿ ಬಂದಾಗಲೂ ತಲೆ ಎತ್ತದೆ, ಎಲ್ಲಿಗೆ ಕಳಿಸಬೇಕು ಎಂದಳು.

"ಕಳಿಸೋಕೆ ಬಂದಿಲ್ಲಮ್ಮ. ಹೇಳೋಕೆ ಬಂದೆ," ಎಂದ ನನ್ನ ತಮ್ಮ. "ಆವತ್ತು ನೀನು ಎರಡನೇ ಬಾಗಿಲು ಅಂದೆಯಲ್ಲ, ಅದೇ ಸರಿ. ನಾನು ಹೇಳಿಕೊಟ್ಟಿದ್ದು ತಪ್ಪು."

ಅವಳು ತಲೆ ಎತ್ತಿದಳು. ಗುರುತು ಸಿಕ್ಕು, ಎದ್ದು ನಿಲ್ಲಬೇಕೋ ಬೇಡವೋ ಎಂದು ಅರ್ಧ ಎದ್ದಳು.

"ಗೊತ್ತು ಸರ್," ಎಂದಳು.

"ಯಾವಾಗ ಗೊತ್ತಾಯ್ತು?"

"ಆವತ್ತೇ. ಕಣ್ಣೆದುರಿಗೇ ಹೋಯ್ತಲ್ಲ ಸರ್ ಪ್ಯಾಕೆಟ್ಟು."

"ಮತ್ತೆ ಪರೀಕ್ಷೇಲಿ ಏನು ಬರೆದೆ?"

"ನೀವು ಹೇಳಿದ್ದು."

"ಯಾಕಮ್ಮಾ?"

ಅವಳು ಟೇಪಿನ ಸುರುಳಿಯನ್ನು ಕೈಯಲ್ಲಿ ತಿರುಗಿಸಿದಳು. "ಅದರ ಮೇಲೆ ನಂಬಿಕೆನಾ ನನ್ನ ಮೇಲಾ ಅಂತ ಕೇಳಿದ್ರಲ್ಲ ಸರ್. ಎಲ್ಲರ ಮುಂದೆ ನಿಮ್ಮ ಮೇಲೆ ಅಂದಿದ್ದೆ. ಅಂದಮೇಲೆ ಹಾಗೇ ನಡ್ಕೋಬೇಕಲ್ವಾ?"

ನನ್ನ ತಮ್ಮ ಕೌಂಟರಿನ ಅಂಚನ್ನು ಹಿಡಿದು ನಿಂತ. ಅವಳ ಉತ್ತರ ಬರೆದು ಇವನು ಪಾಸಾಗಿದ್ದ, ಇವನ ಉತ್ತರ ಬರೆದು ಅವಳು ಫೇಲಾಗಿದ್ದಳು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಹಿಂದಿದ್ದ ಟೋಪಿಯವರು, ಪಾರ್ಸೆಲ್ ಇಲ್ಲದವರೆಲ್ಲ ಕ್ಯೂ ನಿಂತರೆ ನಾವೇನು ಮಾಡಬೇಕು ಎಂದು ಗೊಣಗಿದರು. ಅವರದೂ ಸರಿಯೇ. ಕ್ಲಾಸಿಗೆ ಮತ್ತೆ ಬರುತ್ತೀಯಾ ಎಂದು ಇವನು ಕೊನೆಗೆ ಹೇಗೋ ಕೇಳಿದ. ಬಂದರೆ ಪ್ರಶ್ನೆ ಕೇಳಬಹುದಾ ಎಂದು ಅವಳು ಕೇಳಿದಳು, ಗೇಲಿ ಮಾಡುತ್ತಿದ್ದಾಳೋ ನಿಜವಾಗಿ ಕೇಳುತ್ತಿದ್ದಾಳೋ ನನಗೆ ಈವತ್ತಿಗೂ ಗೊತ್ತಿಲ್ಲ. ಕೇಳಮ್ಮಾ ಎಂದ. ಹಾಗಾದರೆ ಬರುತ್ತೇನೆ ಎಂದು ಅವಳು ಅವನನ್ನು ಪಕ್ಕಕ್ಕೆ ಸರಿಯಲು ಹೇಳಿ ಟೋಪಿಯವರ ಡಬ್ಬ ಇಸಿದುಕೊಂಡಳು.

ಬಂದಳು. ಮಾತು ಕೊಟ್ಟ ಮೇಲೆ ಬರದೇ ಇರುವವಳಲ್ಲ. ಮೊದಲ ದಿನವೇ ಕೈ ಎತ್ತಿ, ಸರ್, ನೀವು ಬರೆದ ವಿಳಾಸದ ಭಾಗ ತಪ್ಪು ಅನಿಸುತ್ತೆ ಎಂದಳು. ಅದು ಅವನು ಬೆರಳ ಗೆಣ್ಣಿನಲ್ಲಿ ಮಾಡುವ ಲೆಕ್ಕ, ಅವನ ಜೀವಮಾನದ ಹೆಮ್ಮೆ. ಮುಖ ಕೆಂಪಾಯಿತು. ನಾನು ಬಾಗಿಲಿನಿಂದ ನೋಡುತ್ತಿದ್ದೆ, ಹಳೆಯ ಮಾತು ತುಟಿಯ ತನಕ ಬಂದದ್ದು ನನಗೆ ಕಂಡಿತು. ಅವನು ಅದನ್ನು ನುಂಗಿಕೊಂಡು ಬೀರು ತೆರೆದ, ಫ್ಯಾನು ಗುಂಯ್ ಎಂದಿತು, ಹಾಕಿ ತೋರಿಸಿದ. ಈ ಸಲ ಅವನೇ ಸರಿ. ಅವಳು ಅಂಕಿ ಅದಲುಬದಲು ಮಾಡಿದ್ದಳು. ಓ, ನಂದೇ ತಪ್ಪು ಎಂದು ತಲೆ ಕೆರೆದುಕೊಂಡು ಕೂತಳು. ಅವನು ಜಂಬ ಕೊಚ್ಚಲಿಲ್ಲವೇ? ಕೊಚ್ಚಿದ. ವಾರವೆಲ್ಲ ನನ್ನ ಮೇಜಿನ ಮುಂದೆ ನಿಂತು ಅದನ್ನೇ ಹೇಳಿದ. ಆದರೆ ಬೀರುವಿಗೆ ಮತ್ತೆ ಬೀಗ ಹಾಕಿಸಲಿಲ್ಲ. ಒಳಗಿನ ಧೂಳು ಒರೆಸುವುದೂ ಈಗ ನನ್ನ ಇಲಾಖೆಗೇ ಬಂದಿದೆ.

ಅವಳು ಎರಡನೇ ಸಲ ಪರೀಕ್ಷೆಗೆ ಹೋದ ದಿನ ಅವನು ಬೆಳಗಿನ ಬ್ಯಾಚಿಗೆ ರಜೆ ಕೊಟ್ಟುಬಿಟ್ಟ. ಇಬ್ಬರೂ ಅದೇ ಮೆಟ್ಟಿಲ ಬಳಿ ಕಾದೆವು. ತನ್ನ ಪರೀಕ್ಷೆಗೆ ನಗುತ್ತಾ ಹೋಗಿದ್ದವನು ಆ ದಿನ ಮಾರ್ಕರಿನ ಮುಚ್ಚಳವನ್ನು ಕಚ್ಚಿ ಕಚ್ಚಿ ಚೂರು ಮಾಡಿದ. ಅವಳು ಇಳಿದು ಬಂದಳು. ಪಾಸೋ ಫೇಲೋ ಎಂದು ಮುಖದಿಂದ ಹೇಳಲು ಬರುತ್ತಿರಲಿಲ್ಲ. ಅವನು ಎದ್ದು ಹೋಗಿ ಅವಳ ಮುಂದೆ ನಿಂತ.

"ಆ ಎರಡು ಸಾಲಿನ ಪ್ರಶ್ನೆ ಬಂತಾ?" ಎಂದ.

"ಬಂತು ಸರ್."

"ಏನು ಬರೆದೆ?"

"ಕಣ್ಣಲ್ಲಿ ನೋಡಿದ್ದು ಸರ್."

ಅವನು ತಲೆ ಅಲ್ಲಾಡಿಸಿ ಪಕ್ಕಕ್ಕೆ ತಿರುಗಿಕೊಂಡ, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. ಕೇಳಬೇಕಾದದ್ದೆಲ್ಲ ಕೇಳಿ ಮುಗಿಯಿತು ಎನ್ನುವ ಹಾಗೆ ನಿಂತುಬಿಟ್ಟ. ಪಾಸಾ ಎಂದು ಕೊನೆಗೆ ನಾನೇ ಕೇಳಬೇಕಾಯಿತು. ಹೂಂ ಅಕ್ಕಾ, ಪಾಸು ಎಂದಳು.